ಕಿರುಬೆರಳಿನ ಶಾಯಿ

“ಮತ್ತೆ ನಡುವೆ ಬಾಯಿ ಹಾಕಿದೆ, ಶಾಂಭವಿ. ಇದು ಮೂರನೆಯ ಸಲ. ನಿನಗೆ ಪಾಠ ಹೇಳುವುದೂ ಒಂದೇ, ಹಿಟ್ಟಿನ ಗಿರಣಿಯಲ್ಲಿ ನಿಂತು ಮಾತಾಡುವುದೂ ಒಂದೇ,” ಎಂದರು ಗುರುಗಳು. “ಸರಿ, ಕೇಳು.”

ಶಾಂಭವಿ ಹೆರಿಗೆ ಆಸ್ಪತ್ರೆಯ ದಾದಿ. ಅವಳು ಕೇಳಿದಳು: “ಬುದ್ಧಿ, ಏನೂ ತಿಳಿಯದವರು ಲಸಿಕೆ ಬೇಡವೆಂದರೆ ಅರ್ಥವಾಗುತ್ತದೆ. ಎಲ್ಲ ತಿಳಿದ ದಾದಿಯರೂ ಅದನ್ನು ಯಾವ ಪಕ್ಷದವರು ಕಳಿಸಿದರೆಂದು ನೋಡುತ್ತಾರಲ್ಲ, ಏಕೆ?”

ಗುರುಗಳು ಅವಳ ಎಡಗೈ ನೋಡಿದರು. ಲಸಿಕೆ ಹಾಕಿಸಿಕೊಂಡವರಿಗೆ ಹಚ್ಚುವ ಶಾಯಿ ಕಿರುಬೆರಳಲ್ಲಿತ್ತು. ಆಮೇಲೆ ಕತೆ ಹೇಳಿದರು.

ಒಂದು ಊರಿಗೆ ನಾಯಿಕೆಮ್ಮು ಬಂತು. ಆಗತಾನೆ ಹುಟ್ಟಿದ ಕೂಸಿಗೆ ಅದರ ಸೂಜಿ ಹಾಕುವಂತಿಲ್ಲ. ಕೂಸನ್ನು ಮುಟ್ಟುವವರು ಹಾಕಿಸಿಕೊಳ್ಳಬೇಕು. ಸರ್ಕಾರ ಲಸಿಕೆ ಕಳಿಸಿತು. ಪೆಟ್ಟಿಗೆಯ ಮೇಲೆ ಆಳುವ ಪಕ್ಷದ ನಾಯಕನ ಚಿತ್ರವಿತ್ತು.

ಆ ಊರಿನ ದಾದಿಯ ಮನೆಯವರು ಎದುರು ಪಕ್ಷದವರು. “ಅವರ ಸೂಜಿ ನಮ್ಮ ತೋಳಿಗೆ ಬೇಡ,” ಎಂದ ಗಂಡ. ತೋಳು ಕೊಟ್ಟರೆ ಮತ ಕೊಟ್ಟಂತೆ ಎಂದು ಅವಳಿಗೂ ಅನಿಸಿತು. ಹಿಂದೊಮ್ಮೆ ತನ್ನ ಪಕ್ಷದವರ ಚಿತ್ರವಿದ್ದ ಪೆಟ್ಟಿಗೆ ಬಂದಾಗ ಮೊದಲು ತೋಳು ಚಾಚಿದವಳು ಅವಳೇ.

ಊರಿಗೆಲ್ಲ ಸೂಜಿ ಹಾಕಿದಳು. ಅದು ಅವಳ ಕೆಲಸ. ಪ್ರತಿಯೊಬ್ಬರ ಕಿರುಬೆರಳಿಗೂ ಶಾಯಿ ಹಚ್ಚಿದಳು. ಕೊನೆಗೆ ತನ್ನ ಸರದಿ ಬಂತು. ಸೂಜಿ ಮುಟ್ಟಲಿಲ್ಲ. ಶಾಯಿಯನ್ನು ಮಾತ್ರ ಹಚ್ಚಿಕೊಂಡಳು.

ಆ ವಾರ ಒಬ್ಬ ಬಾಣಂತಿ ತನ್ನ ಕೂಸನ್ನು ಯಾರ ಕೈಗೂ ಸುಮ್ಮನೆ ಕೊಡುತ್ತಿರಲಿಲ್ಲ. “ಮೊದಲು ಬೆರಳು ತೋರಿಸಿ,” ಎನ್ನುತ್ತಿದ್ದಳು. ಅತ್ತೆಯನ್ನೂ ಬಿಡಲಿಲ್ಲ. “ಇದರ ಅಪ್ಪನನ್ನು ಹೆತ್ತವಳಿಗೂ ಪರೀಕ್ಷೆಯೇ?” ಎಂದು ಅತ್ತೆ ಗೊಣಗಿದಳು, ಗೊಣಗುತ್ತಲೇ ತೋರಿಸಿದಳು. ದಾದಿಯೂ ತೋರಿಸಿದಳು. ಅವಳಿಗೆ ಎರಡು ದಿನದಿಂದ ಸಣ್ಣ ಕೆಮ್ಮಿತ್ತು. ಬಾಣಂತಿ ಬೆರಳು ನೋಡಿದಳು, ಕೂಸನ್ನು ಕೊಟ್ಟಳು.

ಹದಿನೈದು ದಿನಕ್ಕೆ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿತು. ಮರುದಿನ ಇರಲಿಲ್ಲ.

ಬಾಣಂತಿ ದಾದಿಯ ಎಡಗೈ ಹಿಡಿದುಕೊಂಡು ಕೇಳಿದಳು: “ಎಲ್ಲರ ಬೆರಳು ನೋಡಿಯೇ ಕೊಟ್ಟೆನಲ್ಲ ಅಕ್ಕಾ. ನಾನು ಎಲ್ಲಿ ತಪ್ಪಿದೆ?”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ದಾದಿ ಏನೆಂದಳು, ಬುದ್ಧಿ?”

“ನಾಳೆ ಬೆಳಗ್ಗೆ ನೀನೂ ಕೂಸು ಎತ್ತಿಕೊಳ್ಳುವವಳೇ, ಮಗಳೇ, ನಿನ್ನ ಬೆರಳಿಗೆ ಶಾಯಿ ಹಚ್ಚಿದವರು ಯಾರು?”