ಮೈಕಿನಲ್ಲಿ ಬಂದ ತಾಯಿ

“ಗುರುಗಳೇ, ಧ್ಯಾನಕ್ಕೆ ಕೂತಾಗ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತದೆ. ಅದು ಕೃಪೆಯೋ, ಬರೀ ಮೈಯ ಆಟವೋ, ತಿಳಿಯುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹರಿಕಥೆ ದಾಸರಿದ್ದರು. ಕಂಠ ಒಳ್ಳೆಯದು, ಹಟ ಅದಕ್ಕಿಂತ ಜಾಸ್ತಿ. ಕಾಲು ತೊಳೆಯದೆ ವೇದಿಕೆ ಹತ್ತುತ್ತಿರಲಿಲ್ಲ. ತೊಳೆದ ಕಾಲನ್ನು ಒರೆಸುತ್ತಲೂ ಇರಲಿಲ್ಲ. ಒರೆಸಿದರೆ ಮಡಿ ಕೆಟ್ಟಿತು ಎನ್ನುವುದು ಅವರ ಮನೆತನದ ನಂಬಿಕೆ. ಒದ್ದೆ ಕಾಲಲ್ಲೇ ಸಿಮೆಂಟಿನ ಕಟ್ಟೆಯ ಮೇಲೆ ನಿಂತು, ಮೈಕು ಹಿಡಿದು ಕಥೆ ಮಾಡುತ್ತಿದ್ದರು.

ಒಂದು ಸಲ ದೇವಿಯ ಸ್ತುತಿ ಹಾಡುವಾಗ ತುಟಿ ಮೈಕಿಗೆ ತಾಗಿತು. ತುಟಿಯಿಂದ ಅಂಗಾಲಿನವರೆಗೆ ಇರುವೆ ಹರಿದಂತಾಯಿತು. ದಾಸರ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಹಾಡಿದ್ದಕ್ಕೆ ತಾಯಿ ಕಡೆಗೂ ಬಂದಳು ಎಂದುಕೊಂಡರು. ಅಂದಿನಿಂದ ಎಲ್ಲಿ ಕಥೆಯಾದರೂ ಅದೇ ಮೈಕು, ಅದರ ಅದೇ ಆಂಪ್ಲಿಫೈಯರ್ ಪೆಟ್ಟಿಗೆ ಬರಬೇಕು. ಬೇರೆಯದನ್ನು ಇಟ್ಟರೆ ಮುಖ ಗಂಟಿಕ್ಕುತ್ತಿದ್ದರು.

ಮೈಕಿನವನು ಒಮ್ಮೆ ಹೇಳಿ ನೋಡಿದ. “ಸ್ವಾಮಿ, ಪೆಟ್ಟಿಗೇಲಿ ಕರೆಂಟು ಸೋರ್ತಾ ಇದೆ. ಅರ್ಥಿಂಗ್ ಬೇರೆ ಇಲ್ಲ. ನೀವು ಹೂಂ ಅಂದ್ರೆ ಸರಿ ಮಾಡಿಸ್ತೀನಿ. ಅಲ್ಲೀವರೆಗೆ ಕಾಲನ್ನಾದ್ರೂ ಒರೆಸ್ಕೊಳ್ಳಿ.”

“ನಿನಗದು ಕರೆಂಟು, ನನಗದು ತಾಯಿ. ಮುಟ್ಟಬೇಡ” ಎಂದರು ದಾಸರು.

ಮಡಿಯುಟ್ಟು ನಿಂತವರ ಹತ್ತಿರ ವಾದ ಮಾಡುವವರು ಯಾರು? ಅವನು ತನ್ನ ಪೆಟ್ಟಿಗೆಯತ್ತ ಹಿಂದಿರುಗಿದ. ದಾಸರೂ ಆ ಮಾತನ್ನು ಮರೆತಂತೆ ಇದ್ದರು.

ದಾಸರಿಗೆ ಒಬ್ಬಳೇ ಮಗಳು. ಅವಳು ಮೊದಲ ಸಲ ವೇದಿಕೆಯಲ್ಲಿ ಮಂಗಳ ಹಾಡುವ ದಿನ ಬಂತು. ತಲೆಗೆ ಸ್ನಾನ ಮಾಡಿದ್ದಳು. ಕೂದಲು ಇನ್ನೂ ಆರಿರಲಿಲ್ಲ. ಅಪ್ಪನ ಹಾಗೆಯೇ ಕಾಲು ತೊಳೆದು, ಒರೆಸದೆ, ಅವರ ಪಕ್ಕದಲ್ಲಿ ಬಂದು ನಿಂತಳು. ಕಥೆ ಮುಗಿಯಿತು. ದಾಸರು ಮೈಕನ್ನು ಅವಳತ್ತ ಚಾಚಿದರು. ಅವಳು ಎರಡೂ ಕೈ ಒಡ್ಡಿ, ಮೆಲ್ಲಗೆ ಕೇಳಿದಳು: “ಅಪ್ಪಾ, ತಾಯಿ ನನಗೂ ಬರ್ತಾಳಾ?”

ದಾಸರ ಕೈ ಅಲ್ಲೇ ನಿಂತುಬಿಟ್ಟಿತು.

ಜನ ಕಾಯುತ್ತಿದ್ದರು. ದಾಸರು ತಮ್ಮನ್ನೇ ಕೇಳಿಕೊಂಡರು: ಇದು ತಾಯಿಯೇ ಆಗಿದ್ದರೆ ಮಗುವಿನ ಕೈಗೆ ಕೊಡಲು ತನಗೇಕೆ ಭಯ? ಮೈಕಿನವನು ಹೇಳಿದ್ದು ನಿಜವೆಂದು ಅವರಿಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಬಿಡಲು ಮನಸ್ಸಾಗಿರಲಿಲ್ಲ. ತನ್ನೊಬ್ಬನ ಜೀವವಷ್ಟೇ ಅಲ್ಲವೇ ಎಂಬ ಅಸಡ್ಡೆ ಬೇರೆ.

ಅವರು ಒಂದು ಹೆಜ್ಜೆ ಹಿಂದೆ ಸರಿದು, “ಮೊದಲು ಸ್ವಿಚ್ಚು ಆರಿಸಪ್ಪ” ಎಂದು ಮೈಕಿನವನಿಗೆ ಹೇಳಿದರು. ಅವನು ಆರಿಸಿ, ಪ್ಲಗ್ಗನ್ನೂ ಕಿತ್ತ. ಆಮೇಲೆ ದಾಸರು ಮೈಕನ್ನು ಕೆಳಗಿಟ್ಟು, ತಮ್ಮ ಉತ್ತರೀಯದಿಂದ ಮಗಳ ಕಾಲು ಒರೆಸಿದರು. ಅವಳು ಮೈಕಿಲ್ಲದೆಯೇ ಹಾಡಿದಳು. ಹಿಂದಿದ್ದವರು ಕೇಳಿಸದೆ ಗೊಣಗಿದರು; ಆಮೇಲೆ ಎದ್ದು ಬಂದು ವೇದಿಕೆಯ ಹತ್ತಿರ ಕೂತರು.

ಮುಂದಿನ ಕಥೆಯ ಹೊತ್ತಿಗೆ ಮೈಕಿನವನು ಪೆಟ್ಟಿಗೆ ರಿಪೇರಿ ಮಾಡಿಸಿ, ಅರ್ಥಿಂಗ್ ಹಾಕಿಸಿದ್ದ. ದಾಸರು ಒಣಗಿದ ಕಾಲಲ್ಲಿ, ಒಣಗಿದ ಮಣೆಯ ಮೇಲೆ ನಿಂತು ಅದೇ ಸ್ತುತಿ ಹಾಡಿದರು. ತುಟಿ ಮೈಕಿಗೆ ತಾಗಿತು. ಏನೂ ಆಗಲಿಲ್ಲ. ಅವರಿಗೆ ದುಃಖವಾಯಿತು, ಆದರೂ ಹಾಡು ನಿಲ್ಲಿಸಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಆ ದಾಸರಿಗೆ ಕೃಪೆ ಎಂಬುದು ಬರಲೇ ಇಲ್ಲವೇ?” ಎಂದ.

“ಮಗಳತ್ತ ಚಾಚಿದ ಆ ಕೈಯನ್ನು ಹಿಡಿದು ನಿಲ್ಲಿಸಿದವರು ಯಾರು ಎಂದುಕೊಂಡೆ?” ಎಂದರು ಗುರುಗಳು.