ನಮಸ್ಕಾರವಿಲ್ಲದ ವರದಿ

ಮುಸುವ ಕೋತಿಗಳ ಹಿಂಡೊಂದಕ್ಕೆ ಮುದಿ ಗಡವ ಯಜಮಾನ. ಹಿಂಡು ಕಾಯುವುದಕ್ಕಿಂತ ತನ್ನ ಗೌರವ ಕಾಯುವುದೇ ಅವನಿಗೆ ದೊಡ್ಡ ಕೆಲಸ. ಯಾರು ಏನು ಹೇಳುವುದಿದ್ದರೂ ಅವನ ಬಂಡೆಯ ಎದುರು ಬಂದು, ಕೈಮುಗಿದು, ಕುಶಲ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ್ದ.

ಒಂದು ದಿನ ಅತ್ತಿಮರದ ತುದಿಯಲ್ಲಿ ಕಾವಲಿಗಿದ್ದ ಎಳೆಯ ಹೆಣ್ಣು ಮುಸುವ "ಖಕ್!" ಎಂದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂಡೆಲ್ಲ ಮರ ಹತ್ತಿತು. ಗಡವ ಮಾತ್ರ ಬಂಡೆ ಬಿಟ್ಟು ಕದಲಲಿಲ್ಲ.

"ಇದೇನು, ಮಾತೋ ಕೆಮ್ಮೋ?" ಎಂದು ಗದರಿದ. "ಈಗಿನವರಿಗೆ ಬಾಯಿ ತುಂಬ ಮಾತಾಡಲು ಏನು ಕಷ್ಟ?"

"ಎಲ್ಲರಿಗೂ ಅರ್ಥವಾಯಿತಲ್ಲ, ಯಜಮಾನರೇ. ಬೇಗ ಹತ್ತಿ!"

"ನನಗೇ ಅಪ್ಪಣೆಯೋ? ಮೊದಲು ಕೈಮುಗಿ. ಕ್ರಮವಾಗಿ ಹೇಳು."

ಹೆಣ್ಣು ಮುಸುವ ಕೊಂಬೆಯ ಮೇಲಿಂದಲೇ ಕೈಮುಗಿಯಿತು. "ಮಾನ್ಯ ಯಜಮಾನರಿಗೆ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಈ ಸಲ ಅತ್ತಿಹಣ್ಣು ಚೆನ್ನಾಗಿ ಬಿಟ್ಟಿದೆ. ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಮ್ಮ ಬೆನ್ನ ಹಿಂದಿನ ಪೊದೆಯಲ್ಲಿ..."

"ಹಾಂ, ಇದಪ್ಪಾ ಮಾತು!" ಗಡವ ಕಣ್ಣು ಮುಚ್ಚಿ ತಲೆದೂಗಿದ. "ಅವಸರವಿಲ್ಲ, ಮುಂದುವರಿಸು."

ಅಷ್ಟರಲ್ಲಿ ಪೊದೆಯಿಂದ ಚಿರತೆ ಎಗರಿತು. ಗಡವ ಬಾಲದ ತುದಿಯನ್ನು ಅದರ ಬಾಯಲ್ಲೇ ಬಿಟ್ಟು ಮರಕ್ಕೆ ನೆಗೆದ. ನೆಗೆಯುತ್ತಲೇ ಕಾಡೆಲ್ಲ ಕೇಳುವಂತೆ "ಖಕ್!" ಎಂದು ಕಿರುಚಿದ.

ಹೆಣ್ಣು ಮುಸುವ ಮುಗಿದ ಕೈ ಇನ್ನೂ ಇಳಿಸಿರಲಿಲ್ಲ.

"ಯಜಮಾನರೇ," ಎಂದಿತು ವಿನಯದಿಂದ, "ನಮಸ್ಕಾರ ಹೇಳುವುದು ಬಿಟ್ಟುಹೋಯಿತು."