ಗುರಿ ತಪ್ಪಿದ ಕೊಂಡಿ

ಕೆರೆಯಂಚಿನ ಅತ್ತಿಮರದಲ್ಲಿ ಕಡಜಗಳ ದೊಡ್ಡ ಗೂಡಿತ್ತು. ಗೂಡಿನ ಹಿರಿಯಳು ಕೆಂಚವ್ವ. ಒಮ್ಮೆ ಕಚ್ಚಿ ಓಡಿಸಿದ ವೈರಿಯನ್ನು ಅವಳು ಮರೆತದ್ದೇ ಇಲ್ಲ. ಅವಳ ಧೈರ್ಯದ ಮೇಲೆ ಆ ಮರದ ಅಳಿಲಮ್ಮ ನೆಮ್ಮದಿಯಾಗಿ ಮರಿ ಸಾಕುತ್ತಿದ್ದಳು.

ಆದರೆ ಕೆಂಚವ್ವನಿಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೆ ದಾರಿ ತೋರುತ್ತಿದ್ದವನು ತುದಿಕೊಂಬೆಯ ಕಾಜಾಣ ಹಕ್ಕಿ. "ಕೆಂಚವ್ವಾ, ಕೆರೆ ಕಡೆಯ ಕೊಂಬೆ! ಕೇರೆಹಾವು!" ಎಂದು ಅವನು ಕೂಗಿದರೆ ದಂಡು ನೇರ ಅಲ್ಲಿಗೇ ಹಾರುತ್ತಿತ್ತು. "ಹೋಯಿತು, ಸಾಕು" ಎಂದರೆ ತಣ್ಣಗಾಗುತ್ತಿತ್ತು.

ಒಂದು ದಿನ ಗೋಸುಂಬೆಯೊಂದು ಆ ಮರ ಹತ್ತಿತು. ಎಲೆಯ ಮೇಲೆ ಹಸಿರು, ತೊಗಟೆಯ ಮೇಲೆ ಕಂದು. ಅದರ ಕಣ್ಣು ಕಡಜದ ಮರಿಗಳ ಮೇಲೆ.

"ಈ ಹಕ್ಕಿ ಇರುವ ತನಕ ನನ್ನ ಬೇಳೆ ಬೇಯದು" ಎಂದುಕೊಂಡು, ಕಾಜಾಣ ಕೂರುವ ಕೊಂಬೆಗೆ ಅತ್ತಿಯ ಹಾಲು ಬಳಿಯಿತು. ಹಾಲು ಅಂಟಾಯಿತು. ಕಾಜಾಣನ ಕಾಲು ಸಿಕ್ಕಿಕೊಂಡವು. ರೆಕ್ಕೆ ಬಡಿದು ಸೋತವನನ್ನು ಗಿಡುಗ ಎತ್ತಿಕೊಂಡು ಹೋಯಿತು.

ಮರುದಿನದಿಂದ ಗೋಸುಂಬೆಗೆ ಒಂದೇ ಕೆಲಸ. ಗೂಡಿನ ಕೊಂಬೆ ಅಲುಗಿಸುವುದು, ಬಣ್ಣ ಬದಲಿಸಿ ಅವಿತುಕೊಳ್ಳುವುದು.

"ಯಾರವನು ಕಳ್ಳ?" ಕೆಂಚವ್ವ ಉರಿದೆದ್ದಳು. ದಂಡು ಕಂಡಕಂಡವರ ಮೇಲೆ ಬಿತ್ತು. ಗಾಳಿಗೆ ಅಲುಗಿದ ಎಲೆಯನ್ನೂ ಬಿಡಲಿಲ್ಲ.

"ಅಯ್ಯೋ, ನಾನು ಕಣೇ, ಅಳಿಲಮ್ಮ! ಕಣ್ಣು ಬಿಟ್ಟು ನೋಡೇ!"

"ನೋಡಲು ಪುರುಸೊತ್ತಿಲ್ಲ! ಮೊದಲು ಕಚ್ಚುತ್ತೇನೆ, ಆಮೇಲೆ ನೋಡುತ್ತೇನೆ!"

ಹತ್ತು ದಿನ ಹೀಗೇ. ವಿಷ ಬರಿದಾಯಿತು, ರೆಕ್ಕೆ ಸೋತವು. ಹಳೆಯ ವೈರಿಗಳನ್ನು ಬಲ್ಲ ಮುದಿ ಕಡಜಗಳು ಒಂದೊಂದೇ ಉದುರಿದವು. ಹನ್ನೊಂದನೆಯ ದಿನ ಕೇರೆಹಾವು ಅಳುಕುತ್ತಲೇ ಮರ ಹತ್ತಿತು.

ದಣಿದು ನೆನಪೂ ಮಸುಕಾಗಿದ್ದ ಕೆಂಚವ್ವ ದಿಟ್ಟಿಸಿದಳು. "ಇದು... ಯಾರು?"

ಹಾವಿಗೆ ಅಷ್ಟೇ ಬೇಕಿತ್ತು. ಅಳಿಲಮ್ಮನ ಮೂರು ಮರಿಗಳನ್ನೂ ನುಂಗಿ ಇಳಿದುಹೋಯಿತು. ಅತ್ತ ಗೋಸುಂಬೆ ಗೂಡಿನೊಳಗೆ ನಾಲಿಗೆ ಚಾಚಿತು.

"ನನ್ನನ್ನು ಹತ್ತು ಸಲ ಕಚ್ಚಿದೆಯಲ್ಲೇ! ಆ ಹಾವಿಗೆ ಒಂದು ಕೊಂಡಿ ಉಳಿಸಿಕೊಳ್ಳಬಾರದಿತ್ತೇ?" ಅಳಿಲಮ್ಮ ಕಿರುಚಿದಳು.

ಕೆಲವು ದಿನಗಳಲ್ಲಿ ಆಚೆ ದಡದಿಂದ ಇನ್ನೊಂದು ಕಾಜಾಣ ಬಂದು ಕೂತಿತು. "ತೊಗಟೆಯ ಮೇಲೆ ನೋಡಿ! ಕಣ್ಣು ತಿರುಗಿಸುತ್ತಿದೆ!" ಅಳಿದುಳಿದ ಕಡಜಗಳು ಒಟ್ಟಿಗೇ ಎರಗಿದವು. ಗೋಸುಂಬೆ ಪೊಟರೆಯೊಳಗೆ ನುಸುಳಿತು. ಸಾಯಲಿಲ್ಲ. ಕಾಜಾಣ ದಿನವೂ ಕೂಗುತ್ತಿದ್ದರೆ ಹೊರಗೆ ತಲೆ ಹಾಕುವುದಿಲ್ಲ, ಅಷ್ಟೇ. ಕೇರೆಹಾವು ಯಾರೆಂದು ಕೆಂಚವ್ವ ಮೊದಲಿನಿಂದ ಕಲಿಯಬೇಕಾಯಿತು.

ಮಕ್ಕಳೇ, ಇದನ್ನು ಹೇಳುವಾಗ ನನಗೂ ಮೈ ಉರಿಯುತ್ತದೆ. ಎಚ್‌ಐವಿ ಎಂಬ ವೈರಾಣು ಮನುಷ್ಯರ ಮೈಯೊಳಗೆ ಮಾಡುವುದು ಇಂಥದೇ ಮೋಸ. ನಮ್ಮ ರಕ್ತದ ಬಿ ಜೀವಕೋಶಗಳು ರೋಗಾಣುಗಳ ಮೇಲೆ ಪ್ರತಿಕಾಯಗಳೆಂಬ ಕೊಂಡಿ ಎಸೆಯುವ ಕಾವಲುಗಾರರು. ಅವಕ್ಕೆ ದಾರಿ ತೋರುವ ಸಹಾಯಕ ಜೀವಕೋಶಗಳನ್ನು ಎಚ್‌ಐವಿ ಕೊಲ್ಲುತ್ತದೆ. ಆಗ ಅವು ಗುರಿಯಿಲ್ಲದೆ ಎಸೆದೆಸೆದು ದಣಿಯುತ್ತವೆ, ಹಳೆಯ ರೋಗಾಣುಗಳನ್ನೂ ಮರೆಯುತ್ತವೆ. ದಿನವೂ ಮಾತ್ರೆ ತೆಗೆದುಕೊಂಡರೆ ವೈರಾಣು ಮೂಲೆ ಸೇರುತ್ತದೆ. ಹೀಗಿರುವಾಗ ಕಾಯಿಲೆಯವರನ್ನೇ ದೂರ ತಳ್ಳುವ ಜನರಿದ್ದಾರಲ್ಲ, ಅವರಿಗೆ ಏನೆನ್ನಬೇಕು? ಬೈಯುವುದಾದರೆ ವೈರಾಣುವನ್ನು ಬೈಯಿರಿ.

ನೀತಿ: ವೈರಿಯನ್ನು ಗುರುತಿಸದ ಕೋಪ ನೆರೆಯವರನ್ನು ಸುಡುತ್ತದೆ, ವೈರಿಯನ್ನು ಬದುಕಿಸುತ್ತದೆ.